ಆಳಕ್ಕೆ ಇಳಿದ ಆಟಗಳು

ನೂರಕ್ಕೆ 99! ತಪ್ಪು ಹುಡುಕುವುದೇ ಕಸುಬಾದ ವಿಮರ್ಶಕರು ಬರೆದ 22 ವಿಮರ್ಶೆಗಳನ್ನು ಒಟ್ಟುಹಾಕಿ, ತೂಗಿ ನೋಡಿ, ಸರಾಸರಿ ತೆಗೆದಾಗ ಸಿಕ್ಕ ಅಂಕ ಇದು. ಸಿನಿಮಾ, ಸಂಗೀತ, ವಿಡಿಯೋ ಗೇಮ್‌ಗಳ ವಿಮರ್ಶೆಗಳನ್ನು ಕಲೆಹಾಕುವ ಮೆಟಾಕ್ರಿಟಿಕ್‌ನ ಗೇಮ್ ಪಟ್ಟಿಯ ತುತ್ತತುದಿಯಲ್ಲಿ ಕೂತಿರುವುದು 1998ರ ನವೆಂಬರಿನಲ್ಲಿ ಬಂದ 'ದಿ ಲೆಜೆಂಡ್ ಆಫ್ ಜೆಲ್ಡಾ: ಒಕರೀನಾ ಆಫ್ ಟೈಮ್'. ಆಮೇಲೆ ಎಷ್ಟು ಕನ್ಸೋಲ್‌ಗಳು ಬಂದವು, ಎಷ್ಟು ಸಾವಿರ ಆಟಗಳು ಬಂದವು, ಒಂದೊಂದಕ್ಕೆ ಎಷ್ಟೆಷ್ಟು ಕೋಟಿ ಸುರಿದರು! ಆ 99ನ್ನು ದಾಟಿದ ಆಟ ಇವತ್ತಿಗೂ ಹುಟ್ಟಿಲ್ಲ.

ಅದರ ಓರಗೆಯವರನ್ನೂ ನೋಡಿ. 'ಟೋನಿ ಹಾಕ್ಸ್ ಪ್ರೊ ಸ್ಕೇಟರ್ 2'ಕ್ಕೆ 98. 'ಪರ್ಫೆಕ್ಟ್ ಡಾರ್ಕ್'ಗೆ 97. 'ಗೋಲ್ಡನ್‌ಐ 007', 'ಗ್ರಾನ್ ಟುರಿಸ್ಮೊ', 'ಟೆಕ್ಕನ್ 3' ಮೂರಕ್ಕೂ 96. 'ಸೂಪರ್ ಮಾರಿಯೊ 64' ಮತ್ತು 'ಮೆಟಲ್ ಗೇರ್ ಸಾಲಿಡ್'ಗೆ 94. ಎಲ್ಲವೂ ಒಂದೇ ಪೀಳಿಗೆಯ ಕನ್ಸೋಲ್‌ಗಳ ಮಕ್ಕಳು. 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ಪ್ಲೇಸ್ಟೇಷನ್, 1996ರ ಜೂನಿನಲ್ಲಿ ಬಂದ ನಿಂಟೆಂಡೊ 64, ಇವೆರಡರ ಮಕ್ಕಳು.

ಒಂದರಲ್ಲಿ ಕತ್ತಿವರಸೆ, ಇನ್ನೊಂದರಲ್ಲಿ ಕಾರಿನ ಓಟ, ಮತ್ತೊಂದರಲ್ಲಿ ಬೇಹುಗಾರಿಕೆ, ಮಗದೊಂದರಲ್ಲಿ ಗುದ್ದಾಟ. ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಒಂದೊಂದರ ಒಳಕ್ಕೂ ಹೊಕ್ಕು ನೋಡಿದರೆ ಮೈ ಜುಮ್ಮೆನ್ನುತ್ತದೆ. ಇವೆಲ್ಲ ಬಿಡಿಸಲು ಕೂತದ್ದು ಒಂದೇ ಒಗಟು! ಅಲ್ಲಿಯವರೆಗೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಮಾತ್ರ ಹಬ್ಬಿದ್ದ ಪರದೆಯಲ್ಲಿ ಇದ್ದಕ್ಕಿದ್ದಂತೆ ಒಂದು ಆಳ ತೆರೆದುಕೊಂಡಿತ್ತು. ಆ ಆಳದಲ್ಲಿ ಮನುಷ್ಯ ನಡೆಯುವುದು ಹೇಗೆ? ನೋಡುವುದು ಹೇಗೆ?

ಬೊಗಸೆಯಷ್ಟು ಮೆಮೊರಿ

ಈ ಒಗಟನ್ನು ಬಿಡಿಸಲು ಅವರ ಕೈಯಲ್ಲಿದ್ದದ್ದಾದರೂ ಏನು? ಪ್ಲೇಸ್ಟೇಷನ್‌ನ ಮುಖ್ಯ ಮೆಮೊರಿ 2 ಎಂಬಿ, ಚಿತ್ರಕ್ಕೆಂದು ಪ್ರತ್ಯೇಕವಾಗಿ 1 ಎಂಬಿ. ನಿಂಟೆಂಡೊ 64ರಲ್ಲಿ ಎಲ್ಲಕ್ಕೂ ಸೇರಿ 4 ಎಂಬಿ. 'ಸೂಪರ್ ಮಾರಿಯೊ 64' ಆಟ ಪೂರ್ತಿಯಾಗಿ ಅಡಗಿದ್ದು 8 ಎಂಬಿಯ ಕಾರ್ಟ್ರಿಜ್‌ನಲ್ಲಿ. ಇವತ್ತು ಮೊಬೈಲಿನಲ್ಲಿ ತೆಗೆಯುವ ಎರಡು ಮೂರು ಫೋಟೋ ತಿನ್ನುವಷ್ಟು ಜಾಗದಲ್ಲಿ ಒಂದು ಕೋಟೆ, 15 ಲೋಕಗಳು, 120 ನಕ್ಷತ್ರಗಳು!

ಪ್ಲೇಸ್ಟೇಷನ್‌ನ ಚಿತ್ರಗಳಲ್ಲಿ ಗೋಡೆ, ನೆಲಗಳೆಲ್ಲ ಸಣ್ಣಗೆ ನಡುಗುವುದನ್ನು ನೋಡಿದವರಿಗೆ ನೆನಪಿರಬಹುದು. ಆ ಯಂತ್ರ ಪ್ರತಿಯೊಂದು ಮೂಲೆಯನ್ನೂ ಪೂರ್ತಿ ಪಿಕ್ಸೆಲ್‌ನ ಮೇಲೆಯೇ ಕೂರಿಸುತ್ತಿತ್ತು, ಅರ್ಧ ಪಿಕ್ಸೆಲ್‌ನ ಲೆಕ್ಕ ಅದಕ್ಕೆ ಬರುತ್ತಿರಲಿಲ್ಲ. ಮೇಲ್ಮೈಗೆ ಚಿತ್ರ ಅಂಟಿಸುವಾಗ ದೂರದ್ದು ಕಿರಿದಾಗಬೇಕೆಂಬ ಲೆಕ್ಕವನ್ನೂ ಅದು ಮಾಡುತ್ತಿರಲಿಲ್ಲ. ನಿಂಟೆಂಡೊ 64 ಆ ಲೆಕ್ಕಗಳನ್ನೆಲ್ಲ ಚೆನ್ನಾಗಿ ಮಾಡುತ್ತಿತ್ತು. ಆದರೆ ಮೇಲ್ಮೈಯ ಚಿತ್ರಗಳಿಗೆಂದು ಅದಕ್ಕಿದ್ದ ಕ್ಷಿಪ್ರ ಮೆಮೊರಿ ಬರೀ 4 ಕೆಬಿ. ಹಾಗಾಗಿ ಅಲ್ಲಿ ಎಲ್ಲವೂ ಮಸುಕು ಮಸುಕು. ಒಂದು ಯಂತ್ರ ನಡುಗುತ್ತಿತ್ತು, ಇನ್ನೊಂದು ಮಂಜಾಗುತ್ತಿತ್ತು. ಈ ಎರಡು ಬಡ ಯಂತ್ರಗಳೊಳಗೆ ಇಡೀ ಜಗತ್ತುಗಳನ್ನೇ ಕಟ್ಟಿ ನಿಲ್ಲಿಸಿದರಲ್ಲ, ಅಬ್ಬಾ!

ಕ್ಯಾಮೆರಾ ಹೊತ್ತವನೊಬ್ಬ

ಮೊದಲ ಉತ್ತರ ಬಂದದ್ದು ಮಾರಿಯೊನಿಂದ. ನಿಂಟೆಂಡೊದ ಶಿಗೆರು ಮಿಯಾಮೊಟೊ ಮತ್ತು ಸಂಗಡಿಗರು ಕಥೆ, ಶತ್ರು, ಕೋಟೆ ಎಲ್ಲವನ್ನೂ ಪಕ್ಕಕ್ಕಿಟ್ಟು ಮಾರಿಯೊನ ಮೈಯ ಚಲನೆಯನ್ನು ಮೊದಲು ಹದಕ್ಕೆ ತಂದರು. ಖಾಲಿ ಜಾಗದಲ್ಲಿ ಒಂದು ಮೊಲವನ್ನು ಅಟ್ಟಿಸಿಕೊಂಡು ಓಡುವುದೇ ಖುಷಿ ಕೊಡಬೇಕು, ಆಮೇಲೆ ಉಳಿದದ್ದು! ಆ ಮೊಲ ಮುಗಿದ ಆಟದಲ್ಲೂ ಕೋಟೆಯ ನೆಲಮಾಳಿಗೆಯಲ್ಲಿ ಓಡಾಡಿಕೊಂಡಿದೆ. ಅದರ ಹೆಸರು 'ಮಿಪ್ಸ್', ಯಂತ್ರದ ಪ್ರೊಸೆಸರಿನ ತಳಿಯ ಹೆಸರು.

ಕಂಟ್ರೋಲರಿನ ನಡುವೆ ಹೆಬ್ಬೆರಳಿಗೊಂದು ಪುಟ್ಟ ಕಡ್ಡಿ. ಮೆಲ್ಲಗೆ ಒತ್ತಿದರೆ ಮಾರಿಯೊ ತುದಿಗಾಲಲ್ಲಿ ಹೆಜ್ಜೆಯಿಡುತ್ತಾನೆ, ಇನ್ನಷ್ಟು ಒತ್ತಿದರೆ ನಡೆಯುತ್ತಾನೆ, ಪೂರ್ತಿ ಒತ್ತಿದರೆ ಓಡುತ್ತಾನೆ. ಮಲಗಿರುವ ಮಾಂಸಾಹಾರಿ ಗಿಡದ ಹತ್ತಿರ ಓಡಿ ಹೋದರೆ ಅದಕ್ಕೆ ಎಚ್ಚರವಾಗುತ್ತದೆ, ತುದಿಗಾಲಲ್ಲಿ ಹೋದರೆ ಆಗುವುದಿಲ್ಲ. ಬೆರಳಿನ ನಯ ಪರದೆಯೊಳಗಿನ ಪಾದಕ್ಕೆ ತಲುಪಿತ್ತು!

ನಡೆಯುವುದೇನೋ ಆಯಿತು. ನೋಡುವುದು? ಮಾರಿಯೊನ ಹಿಂದೆ ಸುಳಿದಾಡುವ ಆ ಕಣ್ಣು ಯಾರದು? 1996ರ ಆಟಗಾರನಿಗೆ ಕ್ಯಾಮೆರಾ ತಿರುಗಿಸುವುದೆಂದರೇನು ಎಂಬುದೇ ಹೊಸತು. ಅದಕ್ಕೆ ಅವರು ಮಾಡಿದ ಉಪಾಯ ಎಷ್ಟು ಚೆಂದ ನೋಡಿ. ಮೋಡದ ಮೇಲೆ ಕೂತ ಲಕಿಟು ಎಂಬ ಪಾತ್ರದ ಕೈಗೆ ಕ್ಯಾಮೆರಾ ಕೊಟ್ಟು, ನಿನ್ನ ಹಿಂದೆ ಇವನೇ ಬರುತ್ತಾನೆ ಎಂದು ಆಟದ ಆರಂಭದಲ್ಲೇ ತೋರಿಸಿಬಿಟ್ಟರು. ಕೋಟೆಯೊಳಗೆ ದೊಡ್ಡ ಕನ್ನಡಿಯ ಕೋಣೆಯೊಂದಿದೆ. ಅಲ್ಲಿ ಹೋಗಿ ನಿಂತರೆ ಮಾರಿಯೊನ ಪ್ರತಿಬಿಂಬದ ಜೊತೆಗೆ ಅವನ ಹಿಂದೆ ತೇಲುತ್ತಿರುವ ಲಕಿಟುವೂ ಕಾಣುತ್ತಾನೆ. ನೀವು ಇಷ್ಟು ಹೊತ್ತು ನೋಡುತ್ತಿದ್ದದ್ದು ಅವನ ಕಣ್ಣಿನಿಂದ!

ಕ್ಯೋಟೊದ ರಂಗಸ್ಥಳದಲ್ಲಿ ಸಿಕ್ಕ ಗುಟ್ಟು

ಆಳದಲ್ಲಿ ನಡೆಯಬಹುದು ಎಂದಾಯಿತು. ಆದರೆ ಕತ್ತಿ ಹಿಡಿದು ಹೋರಾಡುವುದು? ಚಪ್ಪಟೆ ಪರದೆಯ ಆಟದಲ್ಲಿ ಶತ್ರು ಎದುರಿಗೇ ಇರುತ್ತಾನೆ. ಆಳದಲ್ಲಿ ಅವನು ಬೆನ್ನ ಹಿಂದೆಯೂ ಇರಬಹುದು. ಬೀಸಿದ ಕತ್ತಿ ಒಂದು ಗೇಣು ಆಚೆ ಗಾಳಿ ಸೀಳುತ್ತದೆ. ಜೆಲ್ಡಾ ತಂಡ ಸಿಕ್ಕಿಬಿದ್ದಿದ್ದು ಇಲ್ಲಿಯೇ.

ತಂಡದ ಟೊರು ಒಸಾವಾ, ಯೊಶಿಯಾಕಿ ಕೊಇಜುಮಿ ಮತ್ತು ಗೆಳೆಯರು ಕ್ಯೋಟೊದಲ್ಲಿರುವ ತೋಯಿ ಸ್ಟುಡಿಯೋ ಪಾರ್ಕಿಗೆ ಹೋದರು. ಸಮುರಾಯ್ ಸಿನಿಮಾಗಳ ಸೆಟ್ಟುಗಳನ್ನು ಜನರಿಗೆ ತೆರೆದಿಟ್ಟ ತಾಣ ಅದು. ಅಲ್ಲೊಂದು ನಿಂಜಾ ಪ್ರದರ್ಶನ ನಡೆಯುತ್ತಿತ್ತು. ನಾಯಕನನ್ನು ಹಲವರು ಸುತ್ತುವರಿದಿದ್ದಾರೆ. ಆದರೆ ಮೇಲೆ ಬೀಳುವವನು ಒಂದು ಸಲಕ್ಕೆ ಒಬ್ಬನೇ, ಉಳಿದವರು ಸರದಿ ಕಾಯುತ್ತಾರೆ! ನಿಂಜಾ ಒಬ್ಬ ಸರಪಳಿ ಬಿಗಿದ ಕುಡುಗೋಲನ್ನು ಎಸೆದ. ನಾಯಕ ಅದನ್ನು ತೋಳಿನಿಂದ ತಡೆದ. ಸರಪಳಿ ಬಿಗಿಯಾಯಿತು, ನಿಂಜಾ ಆ ಸರಪಳಿಯ ಉದ್ದಕ್ಕೆ ನಾಯಕನ ಸುತ್ತ ವೃತ್ತವಾಗಿ ಸುಳಿದ.

ಉತ್ತರ ಸಿಕ್ಕೇಬಿಟ್ಟಿತು! ಕಂಟ್ರೋಲರಿನ ಹಿಂಬದಿಯ ಝಡ್ ಬಟನ್ ಒತ್ತಿದರೆ ನಾಯಕ ಲಿಂಕ್‌ನ ನೋಟ ಒಬ್ಬ ಶತ್ರುವಿನ ಮೇಲೆ ನೆಡುತ್ತದೆ. ಇಬ್ಬರ ನಡುವೆ ಕಣ್ಣಿಗೆ ಕಾಣದ ಸರಪಳಿಯೊಂದು ಬಿಗಿಯುತ್ತದೆ. ಅವನ ಸುತ್ತ ಸುಳಿಯಬಹುದು, ಪಕ್ಕಕ್ಕೆ ಜಿಗಿಯಬಹುದು, ಗುರಾಣಿ ಒಡ್ಡಬಹುದು, ಮುಖ ಮಾತ್ರ ಅವನ ಕಡೆಗೇ. ಕ್ಯಾಮೆರಾ ತಾನಾಗಿಯೇ ಇಬ್ಬರನ್ನೂ ಚೌಕಟ್ಟಿನೊಳಗೆ ಇಟ್ಟುಕೊಳ್ಳುತ್ತದೆ. ಇವತ್ತು ಮೂರು ಆಯಾಮದ ಆಟದಲ್ಲಿ ಕತ್ತಿ ಬೀಸುವ ಯಾರೇ ಆಗಲಿ, ಬಹುಪಾಲು ಈ ಸರಪಳಿಯನ್ನೇ ಹಿಡಿದಿರುತ್ತಾರೆ.

ನೋಟ ಯಾರ ಮೇಲಿದೆ ಎಂದು ತೋರಿಸಲು ಒಂದು ಗುರುತು ಬೇಕಿತ್ತು. ಬೋಳು ತ್ರಿಕೋನವೊಂದನ್ನು ನೇತುಹಾಕಲು ಕೊಇಜುಮಿಗೆ ಮನಸ್ಸು ಬರಲಿಲ್ಲ. ಅವರು ಅಲ್ಲಿ ರೆಕ್ಕೆ ಬಡಿಯುವ ಒಂದು ಕಿನ್ನರಿಯನ್ನು ತಂದರು. ಆಕೆಯೇ ನಾವಿ. ಎದುರಿಗಿರುವುದು ಶತ್ರುವೋ, ಮನುಷ್ಯನೋ, ವಸ್ತುವೋ ಎಂಬುದಕ್ಕೆ ತಕ್ಕಂತೆ ಆಕೆಯ ಬಣ್ಣ ಬದಲಾಗುತ್ತದೆ. ಕಾಡಿನ ಊರಿನಲ್ಲಿ ಪ್ರತಿ ಮಗುವಿಗೂ ಒಂದೊಂದು ಕಿನ್ನರಿ ಇದೆ, ಲಿಂಕ್ ಒಬ್ಬನಿಗೆ ಮಾತ್ರ ಇಲ್ಲ. ಅವನ ಬಳಿಗೆ ನಾವಿ ಹಾರಿಬರುವುದರೊಂದಿಗೆ ಕಥೆ ಶುರು. ತಾಂತ್ರಿಕ ತೊಡಕಿಗೆ ಹುಡುಕಿದ ಪರಿಹಾರ ಕಥೆಯ ಜೀವವೇ ಆಗಿ ಕೂತಿತು!

ಸಂಗೀತದ ಮಾತು ಇನ್ನೂ ಅಚ್ಚರಿಯದು. ಲಿಂಕ್‌ನ ಕೈಯಲ್ಲಿರುವ ಒಕರೀನಾ ಎಂಬ ಪುಟ್ಟ ಊದುವಾದ್ಯವನ್ನು ಕಂಟ್ರೋಲರಿನ ಐದು ಬಟನ್‌ಗಳಲ್ಲಿ ನುಡಿಸಬೇಕು. ನಮ್ಮ ಸಂಗೀತದ ಲೆಕ್ಕದಲ್ಲಿ ಹೇಳುವುದಾದರೆ ಅವು ಷಡ್ಜ, ಸಾಧಾರಣ ಗಾಂಧಾರ, ಪಂಚಮ, ಚತುಶ್ರುತಿ ಧೈವತ, ಮೇಲಿನ ಷಡ್ಜ. ಇಷ್ಟೇ ಸ್ವರಗಳಲ್ಲಿ ಕೊಜಿ ಕೊಂಡೊ ಮಳೆ ತರಿಸುವ ಧುನ್, ಕುದುರೆ ಕರೆಯುವ ಧುನ್, ಹಗಲನ್ನು ಇರುಳಾಗಿಸುವ ಧುನ್‌ಗಳನ್ನು ಕಟ್ಟಿದರು. ವಿಶಾಲವಾದ ಹೈರೂಲ್ ಬಯಲಿಗೆ ಅವರು ಒಂದೇ ಉದ್ದನೆಯ ಹಾಡು ಬರೆಯಲಿಲ್ಲ. ಸಣ್ಣ ಸಣ್ಣ ತುಣುಕುಗಳನ್ನು ಬರೆದರು, ಜೋಡಿಸುವ ಕೆಲಸ ಯಂತ್ರದ್ದು. ಶತ್ರು ಹತ್ತಿರ ಬಂದರೆ ಸಂಗೀತ ಬಿರುಸಾಗುತ್ತದೆ, ನೀವು ಸುಮ್ಮನೆ ನಿಂತರೆ ಅದೂ ಶಾಂತವಾಗುತ್ತದೆ. ನೀವು ನಡೆದಂತೆ ಹಾಡು ನಡೆಯುತ್ತದೆ!

ಜಪಾನಿನ 'ಫಾಮಿತ್ಸು' ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ತಲಾ ಹತ್ತು ಅಂಕ ಕೊಡುವ ಪದ್ಧತಿ. ಅದರ ಇತಿಹಾಸದಲ್ಲಿ ಮೊದಲ ಬಾರಿಗೆ 40ಕ್ಕೆ 40 ಬಂದದ್ದು ಈ ಆಟಕ್ಕೆ.

ಒಂದು ಪರದೆ, ನಾಲ್ಕು ಕಣ್ಣು

ಈಗ ಇಂಗ್ಲೆಂಡಿಗೆ ಬನ್ನಿ. ಲೆಸ್ಟರ್‌ಶೈರಿನ ಟ್ವೈಕ್ರಾಸ್ ಎಂಬ ಹಳ್ಳಿ. ಅಲ್ಲಿದ್ದ 'ರೇರ್' ಕಂಪನಿಯಲ್ಲಿ ಮಾರ್ಟಿನ್ ಹಾಲಿಸ್ ನೇತೃತ್ವದ ಸಣ್ಣ ತಂಡವೊಂದು ಜೇಮ್ಸ್ ಬಾಂಡ್ ಸಿನಿಮಾ ಆಧರಿಸಿ 'ಗೋಲ್ಡನ್‌ಐ 007' ಆಟ ಮಾಡುತ್ತಿತ್ತು. ತಂಡದ ಹೆಚ್ಚಿನವರಿಗೆ ಅದೇ ಜೀವನದ ಮೊದಲ ಆಟ! ಸಿನಿಮಾ 1995ರಲ್ಲಿ ಬಂತು. ಆಟ ಬಂದದ್ದು 1997ರ ಆಗಸ್ಟಿನಲ್ಲಿ. ಇವರದು ಇನ್ನೊಂದು ಉತ್ತರ: ಹಿಂದಿನಿಂದ ನೋಡುವ ಕಣ್ಣೇ ಬೇಡ, ಬಾಂಡ್‌ನ ಕಣ್ಣೇ ನಿಮ್ಮ ಕಣ್ಣು. ಮೊದಲಿಗೆ ಕಂಬಿಯ ಮೇಲೆ ಸಾಗುವಂತೆ ಆಟವೇ ಆಟಗಾರನನ್ನು ಒಯ್ಯುವ ಯೋಚನೆಯಿತ್ತು. ಆಮೇಲೆ ಹೋಗುವ ದಾರಿ ಆಟಗಾರನಿಗೇ ಬಿಟ್ಟದ್ದಾಯಿತು.

ಎಲ್ಲರ ಎದೆಯಲ್ಲಿ ಉಳಿದ ಭಾಗವಂತೂ ಮೂಲ ಯೋಜನೆಯಲ್ಲೇ ಇರಲಿಲ್ಲ! ಒಬ್ಬನೇ ಆಡಲೆಂದು ಬರೆದ ಪ್ರೋಗ್ರಾಮನ್ನು ಸ್ಟೀವ್ ಎಲ್ಲಿಸ್ ಕೆಲಸದ ಕೊನೆಯ ಹಂತದಲ್ಲಿ ಮುಂದಿಟ್ಟುಕೊಂಡು ಕೂತು, ಒಂದೇ ಟಿವಿಯನ್ನು ನಾಲ್ಕು ಪಾಲು ಮಾಡಿ ನಾಲ್ವರು ಆಡುವಂತೆ ಮಾಡಿಬಿಟ್ಟರು. 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಇಂಟರ್ನೆಟ್ ಬೇಕಿರಲಿಲ್ಲ, ಒಂದು ಸೋಫಾ ಸಾಕಿತ್ತು. ಅದೇ ಕಂಪನಿ 2000ದಲ್ಲಿ ತಂದ 'ಪರ್ಫೆಕ್ಟ್ ಡಾರ್ಕ್' ಈ ದಾರಿಯ ಮುಂದುವರಿಕೆ.

ಪರದೆ ದಾಟಿ ಬಂದ ಮಾಯಾವಿ

ಹಿಡಿಯೊ ಕೊಜಿಮಾ ಅವರ 'ಮೆಟಲ್ ಗೇರ್ ಸಾಲಿಡ್' ಬಂದದ್ದು 1998ರ ಸೆಪ್ಟೆಂಬರಿನಲ್ಲಿ. ಅದರ ಜಾಗಗಳನ್ನು ತಂಡ ಮೊದಲು ಲೆಗೊ ಇಟ್ಟಿಗೆಗಳಲ್ಲಿ ಕಟ್ಟಿ ನೋಡಿತು. ಯಾವ ಗೋಡೆಯ ಹಿಂದೆ ಅಡಗಬಹುದು, ಯಾವ ಮೂಲೆಯಿಂದ ಏನು ಕಾಣುತ್ತದೆ ಎಂಬುದೇ ಇಲ್ಲಿ ಆಟ. ಹಿಮದಲ್ಲಿ ನಡೆದರೆ ಹೆಜ್ಜೆಗುರುತು ಮೂಡುತ್ತದೆ, ಕಾವಲುಗಾರ ಆ ಗುರುತಿನ ಜಾಡು ಹಿಡಿದು ಬರುತ್ತಾನೆ!

ಸೈಕೊ ಮ್ಯಾಂಟಿಸ್ ಎಂಬ ಖಳ ಎದುರಾದಾಗ ಏನಾಗುತ್ತದೆ ಕೇಳಿ. ನಿನ್ನ ಮನಸ್ಸು ಓದುತ್ತೇನೆ ಎನ್ನುವ ಅವನು ನಿಮ್ಮ ಮೆಮೊರಿ ಕಾರ್ಡನ್ನೇ ಓದಿ, ನೀವು ಆಡಿದ ಬೇರೆ ಆಟಗಳ ಹೆಸರು ಹೇಳುತ್ತಾನೆ. ಕಂಟ್ರೋಲರನ್ನು ನೆಲದ ಮೇಲಿಡು, ನನ್ನ ಮನೋಬಲದಿಂದ ಅಲ್ಲಾಡಿಸುತ್ತೇನೆ ಎನ್ನುತ್ತಾನೆ. ಅದು ನಿಜಕ್ಕೂ ಅಲ್ಲಾಡುತ್ತದೆ, ಒಳಗಿನ ಕಂಪನದ ಮೋಟಾರಿನಿಂದ! ಅವನನ್ನು ಸೋಲಿಸಬೇಕಾದರೆ ಕಂಟ್ರೋಲರಿನ ವೈರನ್ನು ಕಿತ್ತು ಎರಡನೇ ಕಿಂಡಿಗೆ ಸಿಕ್ಕಿಸಬೇಕು. ಆಗ ನಿಮ್ಮ ನಡೆ ಅವನಿಗೆ ತಿಳಿಯುವುದಿಲ್ಲ. ಪರದೆಯ ಒಳಕ್ಕೆ ಆಳ ಹುಡುಕಿದವರ ನಡುವೆ ಕೊಜಿಮಾ ಎಂಬ ಈ ಪುಣ್ಯಾತ್ಮ ಅದನ್ನು ಹೊರಕ್ಕೆ, ನೀವು ಕೂತ ಕೋಣೆಯೊಳಕ್ಕೇ ಹರಿಸಿಬಿಟ್ಟ!

ರಸ್ತೆ, ಅಖಾಡ, ಚಕ್ರದ ಹಲಗೆ

ಉಳಿದವೂ ಇದೇ ಕುಲದವು. ಕಜುನೊರಿ ಯಮೌಚಿ ಐದು ವರ್ಷ ಗೇಯ್ದು 1997ರಲ್ಲಿ 'ಗ್ರಾನ್ ಟುರಿಸ್ಮೊ' ತಂದರು. ಆಟದ ಕಾರುಗಳಿಗೆ ಅವರು ತೂಕ ಕೊಟ್ಟರು, ತಿರುವಿನಲ್ಲಿ ಟೈರಿಗೆ ಹಿಡಿತ ಕೊಟ್ಟರು. ಲೈಸೆನ್ಸ್ ಪರೀಕ್ಷೆ ಪಾಸಾಗದೆ ಹಲವು ರೇಸುಗಳಿಗೆ ಇಳಿಯುವಂತಿಲ್ಲ! ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿ ಪ್ಲೇಸ್ಟೇಷನ್‌ನಲ್ಲಿ ಅತಿ ಹೆಚ್ಚು ಮಾರಿದ ಆಟ ಎನಿಸಿತು.

'ಟೆಕ್ಕನ್ 3' ನಮ್ಮ ಗೇಮ್ ಪಾರ್ಲರುಗಳಲ್ಲಿ ಬಟನ್ ಕುಟ್ಟಿದವರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಹೆಚ್ಚಾಗಿ ಎಡಬಲಕ್ಕೆ ಸೀಮಿತವಾಗಿದ್ದ ಗುದ್ದಾಟದಲ್ಲಿ ಅದು ಪ್ರತಿಯೊಬ್ಬ ಜಟ್ಟಿಗೂ ಆಳದ ಕಡೆಗೆ ಒಂದು ಪಕ್ಕದ ಹೆಜ್ಜೆ ಕಲಿಸಿತು. ಬರುವ ಏಟಿನಿಂದ ಪಕ್ಕಕ್ಕೆ ಸರಿದರೆ ಎದುರಾಳಿಯ ಪಕ್ಕೆ ಬಯಲು! ಸೆಕೆಂಡಿಗೆ 60 ಚಿತ್ರಗಳ ವೇಗ ಉಳಿಸಿಕೊಳ್ಳಲು, ಪ್ಲೇಸ್ಟೇಷನ್‌ಗೆ ಬಂದಾಗ ಹಿನ್ನೆಲೆಯನ್ನು ಚಪ್ಪಟೆ ಚಿತ್ರವಾಗಿಸಿ, ಇದ್ದಬದ್ದ ಶಕ್ತಿಯನ್ನೆಲ್ಲ ಆ ಇಬ್ಬರ ಮೈಗೆ ಸುರಿದರು.

2000ದಲ್ಲಿ ನೆವರ್‌ಸಾಫ್ಟ್ ತಂದ 'ಟೋನಿ ಹಾಕ್ಸ್ ಪ್ರೊ ಸ್ಕೇಟರ್ 2' ಸ್ಕೇಟ್‌ಬೋರ್ಡಿನ ಮೇಲೆ ಎರಡೆರಡು ನಿಮಿಷದ ಆಟ. ಹಲಗೆಯ ಎರಡೇ ಚಕ್ರಗಳ ಮೇಲೆ ತೂಗಿಕೊಂಡು ಸಾಗುವ 'ಮ್ಯಾನುಯಲ್' ಎಂಬ ಒಂದೇ ಒಂದು ವರಸೆ ಸೇರಿತು ನೋಡಿ, ಬಿಡಿಬಿಡಿ ಸಾಹಸಗಳೆಲ್ಲ ಕಡಿಯದ ಒಂದೇ ಸರವಾದವು. ಮೆಟ್ಟಿಲು, ಕಂಬಿ, ಗೋಡೆ ಎಲ್ಲವೂ ದಾರಿಯೇ!

ಹೀಗೆ ನಾಲ್ಕೈದು ವರ್ಷಗಳಲ್ಲಿ ಬೆರಳೆಣಿಕೆಯ ಆಟಗಳು ಆಳದೊಳಗೆ ನಡಿಗೆ, ನೋಟ, ಹೋರಾಟ, ಅಡಗುವಿಕೆ, ವೇಗ ಎಲ್ಲಕ್ಕೂ ವ್ಯಾಕರಣ ಬರೆದುಬಿಟ್ಟವು. ಪ್ಲೇಸ್ಟೇಷನ್ 10 ಕೋಟಿಗೂ ಹೆಚ್ಚು ಮಾರಿ ಗೆದ್ದಿತು, ನಿಂಟೆಂಡೊ 64 ಸುಮಾರು 3.3 ಕೋಟಿಗೆ ನಿಂತು ಸೋತಿತು. ಆದರೂ ಅಂಕಪಟ್ಟಿಯ ನೆತ್ತಿಯ ಮೇಲಿರುವುದು ಸೋತ ಯಂತ್ರದ ಆಟ! ಇವತ್ತಿನ ಕಣ್ಣಿಗೆ ಇವುಗಳ ಚಿತ್ರ ಒರಟು, ನಿಜ. ಆದರೆ ವಿಮರ್ಶಕರು ಅಂಕ ಕೊಟ್ಟದ್ದು ಚಿತ್ರದ ನುಣುಪಿಗಲ್ಲ, ಹೊಸದಾಗಿ ತೆರೆದ ಜಗತ್ತಿನಲ್ಲಿ ಮನುಷ್ಯನನ್ನು ಕೈಹಿಡಿದು ನಡೆಸಿದ್ದಕ್ಕೆ. ಆ ಅಂಕಗಳು ನ್ಯಾಯವಾದವು.

'ಒಕರೀನಾ ಆಫ್ ಟೈಮ್', 'ಸೂಪರ್ ಮಾರಿಯೊ 64', 'ಗೋಲ್ಡನ್‌ಐ' ಮೂರೂ ನಿಂಟೆಂಡೊ ಸ್ವಿಚ್‌ನ ಚಂದಾ ಸೇವೆಗೆ ಬಂದಿವೆ. ಟೋನಿ ಹಾಕ್‌ನ ಮೊದಲ ಎರಡು ಆಟಗಳು 2020ರಲ್ಲಿ ಹೊಸ ರೂಪ ತಾಳಿ ಬಂದಿವೆ. ಮನೆಯಲ್ಲಿ ಗೇಮ್ ಆಡುವ ಮಕ್ಕಳಿದ್ದರೆ ಒಂದು ಭಾನುವಾರ ಅವರ ಪಕ್ಕದಲ್ಲಿ ಕೂತು ಇವುಗಳಲ್ಲಿ ಒಂದನ್ನಾದರೂ ಆಡಿ. ಅವರು ಈಗ ಆಡುತ್ತಿರುವ ಆಟದ ಬೇರು ಎಲ್ಲಿದೆ ಎಂಬುದನ್ನು ಅವರಿಗೂ ತೋರಿಸಿ.