ಬೂಟು ಕಳಚಿದ ಮೇಲೂ ಮೈದಾನ ಬಿಡದ ಚಾಪ್‌ಮನ್

ಉಗಾರ ಬುದ್ರುಕದಿಂದ ಕೊಲ್ಲಾಪುರ ಬಹಳ ದೂರವೇನಲ್ಲ. ಉಗಾರ ಖುರ್ದದ ನಿಲ್ದಾಣದಲ್ಲಿ ರೈಲು ಹತ್ತಿ, ಮಿರಜದಲ್ಲಿ ಗಾಡಿ ಬದಲಿಸಿದರೆ ಆಯಿತು. ಆ ಊರಿನಲ್ಲಿ ಕುಸ್ತಿಯ ತಾಲೀಮುಗಳೇ ಫುಟ್‌ಬಾಲ್ ತಂಡಗಳನ್ನೂ ಸಾಕಿಕೊಂಡು ಬಂದಿವೆ. ಓಣಿಗೊಂದು ತಂಡ, ತಂಡಕ್ಕೊಂದು ಬಣ್ಣ. ಶಾಹು ಮೈದಾನದಲ್ಲಿ ಪಂದ್ಯವಿದ್ದರೆ ಕಟ್ಟೆಯ ಮೇಲೆ ಕೂಡ್ರಲು ಜಾಗ ಸಿಗುವುದು ಕಷ್ಟ. ಕೃಷ್ಣೆಯ ಈ ಕಡೆ, ಕಬ್ಬಿನ ಗದ್ದೆಗಳ ನಡುವಿನ ನಮ್ಮ ಊರುಗಳಲ್ಲಿ ಮಾತ್ರ ಆಟವೆಂದರೆ ಕುಸ್ತಿ, ಕಬಡ್ಡಿ, ಖೋಖೋ. ಉಳಿದ ಹೊತ್ತೆಲ್ಲ ಕ್ರಿಕೆಟ್.

ಇಂಥ ಕಡೆ ಹುಡುಗನೊಬ್ಬ ‘ನಾನು ಫುಟ್‌ಬಾಲ್ ಆಡುತ್ತೇನೆ, ಅದನ್ನೇ ಮಾಡುತ್ತೇನೆ’ ಎಂದರೆ ಮನೆಯಲ್ಲಿ ಮೊದಲು ಬರುವ ಮಾತು ಒಂದೇ: “ಚೆಂಡ ಒದ್ದರ ಹೊಟ್ಟಿ ತುಂಬತೈತೇನೋ?”

ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಮಗನ ನಾಳೆಯ ಚಿಂತೆ ಮಾಡುವವರು ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅದಕ್ಕೆ ಉತ್ತರ ಹುಡುಕುವಾಗ ಪೆಲೆ, ಮರಡೋನಾ, ಮೆಸ್ಸಿ ಇವರ ಕಡೆ ನೋಡಿ ಪ್ರಯೋಜನವಿಲ್ಲ. ಅವರು ಕೋಟಿಗೊಬ್ಬರು. ನಮ್ಮದೇ ರಾಜ್ಯದಲ್ಲಿ ಹುಟ್ಟಿ, ಫುಟ್‌ಬಾಲನ್ನೇ ವೃತ್ತಿ ಮಾಡಿಕೊಂಡು, ದೇಶದ ನಾಯಕನಾಗಿ, ಆಟ ಮುಗಿದ ಮೇಲೆ ಕೋಚ್ ಆಗಿ ಬದುಕಿದವರ ಕಡೆ ನೋಡಬೇಕು. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅಂಥವರಲ್ಲಿ ಒಬ್ಬರು.

ಹಳೆಯ ಬೇರು

ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು. ಅವರು ಹುಟ್ಟುವ ಹೊತ್ತಿಗೆ ಬೆಂಗಳೂರಿನ ಫುಟ್‌ಬಾಲಿಗೆ ದೊಡ್ಡ ಹೆಸರಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ 1-2ರಿಂದ ಸೋತಿತು. ಭಾರತದ ಆಟಗಾರರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಆ ಪಂದ್ಯದಲ್ಲಿ ಭಾರತದ ಒಂದೇ ಗೋಲು, ಒಲಿಂಪಿಕ್ಸ್‌ನಲ್ಲಿ ದೇಶದ ಮೊಟ್ಟಮೊದಲ ಗೋಲು, ಹೊಡೆದವರು ಮೈಸೂರು ರಾಜ್ಯದ ಆಟಗಾರ ಸಾರಂಗಪಾಣಿ ರಾಮನ್. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1969ರ ಒಳಗೆ ನಾಲ್ಕು ಸಲ ಗೆದ್ದಿತ್ತು. ದಂಡು ಪ್ರದೇಶದ ಗಲ್ಲಿಗಳಲ್ಲಿ ಹುಡುಗರು ಬೆಳಗಾದರೆ ಚೆಂಡಿನ ಹಿಂದೆ ಓಡುತ್ತಿದ್ದ ಕಾಲ ಅದು.

ಚಾಪ್‌ಮನ್ 1980ರ ದಶಕದ ನಡುವಿನಲ್ಲಿ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ತರಬೇತಿ ಪಡೆದರು. ಸದರ್ನ್ ಬ್ಲೂಸ್ ಎಂಬ ಸ್ಥಳೀಯ ಕ್ಲಬ್ಬಿಗೆ ಆಡಿದರು. 1990ರಲ್ಲಿ ಅವರ ಬದುಕನ್ನು ತಿರುಗಿಸಿದ ಅವಕಾಶ ಬಂತು. ಅದೇ ಜೆಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ.

ಜೆಮ್‌ಶೆಡ್‌ಪುರದ ಪಾಠ

ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಟಾಟಾದವರು ಈ ಅಕಾಡೆಮಿಯನ್ನು ಶುರು ಮಾಡಿದ್ದು 1987ರಲ್ಲಿ. ದೇಶದ ಮೂಲೆಮೂಲೆಯಿಂದ ಹುಡುಗರನ್ನು ಆರಿಸಿ, ಇರಲು ಜಾಗ, ಊಟ, ಓದು, ತರಬೇತಿ ಎಲ್ಲವನ್ನೂ ಒಂದೇ ಕಡೆ ಕೊಡುವ ಏರ್ಪಾಡು ನಮ್ಮ ಫುಟ್‌ಬಾಲಿಗೆ ಹೊಸದು. ಗಲ್ಲಿಯಲ್ಲಿ ಕಲಿತ ಆಟಕ್ಕೆ ಅಲ್ಲಿ ಶಿಸ್ತು ಬರುತ್ತಿತ್ತು. ಎಷ್ಟು ಹೊತ್ತಿಗೆ ಏಳಬೇಕು, ಏನು ತಿನ್ನಬೇಕು, ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಎಲ್ಲಿಗೆ ಕೊಡಬೇಕೆಂದು ಹೇಗೆ ಯೋಚಿಸಬೇಕು ಎಂಬುದೆಲ್ಲ ಪಾಠದ ವಿಷಯ.

ಚಾಪ್‌ಮನ್ ಆಡುತ್ತಿದ್ದುದು ಮಿಡ್‌ಫೀಲ್ಡ್, ಅಂದರೆ ಮೈದಾನದ ನಡುಭಾಗದಲ್ಲಿ. ಗೋಲು ಹೊಡೆಯುವವನ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಗೋಲಿ ತಡೆದರೆ ಚಪ್ಪಾಳೆ ಬೀಳುತ್ತದೆ. ನಡುವಿನವನ ಕೆಲಸ ಅಷ್ಟು ಕಣ್ಣಿಗೆ ಬೀಳುವುದಿಲ್ಲ. ಹಿಂದಿನಿಂದ ಚೆಂಡು ಪಡೆದು, ಎದುರಾಳಿಯ ಕಾಲಿನಿಂದ ತಪ್ಪಿಸಿ, ಮುಂದೆ ಓಡುವವನ ದಾರಿಗೆ ಹಾಕಿ ಕೊಡಬೇಕು. ಚೆಂಡು ಕೈತಪ್ಪಿದರೆ ಮತ್ತೆ ಹಿಂದಕ್ಕೆ ಓಡಬೇಕು. ಇಡೀ ಪಂದ್ಯ ಅವನ ಕಣ್ಣಮುಂದೆ ಇರುತ್ತದೆ. ಮಿಡ್‌ಫೀಲ್ಡಿನಲ್ಲಿ ಆಡಿದ ಹಲವರು ಮುಂದೆ ಕೋಚ್ ಆಗುವುದಕ್ಕೆ ಇದೂ ಒಂದು ಕಾರಣವಿರಬೇಕು.

ಇರಾಕಿಗರನ್ನು ಬೆರಗುಗೊಳಿಸಿದ ದಿನ

1993ರಲ್ಲಿ ಚಾಪ್‌ಮನ್ ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅಲ್ಲಿಯ ಫುಟ್‌ಬಾಲ್ ಹುಚ್ಚು ಎಲ್ಲರಿಗೂ ಗೊತ್ತು. ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ತಂಡಗಳು ಎದುರಾದ ದಿನ ಒಂದೇ ಮನೆಯ ಅಣ್ಣ ತಮ್ಮಂದಿರು ಮಾತು ಬಿಡುತ್ತಾರೆ ಎನ್ನುವುದು ಬರೀ ತಮಾಷೆಯಲ್ಲ. ಅಲ್ಲಿ ಹೊರರಾಜ್ಯದ ಹುಡುಗ ತನ್ನ ಜಾಗ ಗಳಿಸುವುದು ಸುಲಭವಲ್ಲ.

ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯಾವಳಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಇರಾಕಿನ ಅಲ್ ಜವ್ರಾ ತಂಡ ಎದುರಾಯಿತು. ಇರಾಕ್ ಎಂದರೆ 1986ರಲ್ಲಿ ವಿಶ್ವಕಪ್ ಆಡಿದ ದೇಶ. ಈಸ್ಟ್ ಬೆಂಗಾಲ್ ಗೆಲ್ಲುತ್ತದೆ ಎಂದುಕೊಂಡವರು ಕಡಿಮೆ. ಪಂದ್ಯ ಮುಗಿದಾಗ ಅಂಕ 6-2. ಗೆದ್ದದ್ದು ಈಸ್ಟ್ ಬೆಂಗಾಲ್. ಆರರಲ್ಲಿ ಮೂರು ಗೋಲು ಇಪ್ಪತ್ತೆರಡು ವರ್ಷದ ಚಾಪ್‌ಮನ್ ಅವರದು. ನಡುವಿನಲ್ಲಿ ಆಡುವವನು ಹ್ಯಾಟ್ರಿಕ್ ಹೊಡೆಯುವುದೇ ಅಪರೂಪ; ಅದೂ ಇಂಥ ತಂಡದ ವಿರುದ್ಧ. ಭಾರತದ ಕ್ಲಬ್ಬುಗಳು ಏಷ್ಯಾ ಮಟ್ಟದಲ್ಲಿ ಗಳಿಸಿದ ದೊಡ್ಡ ಗೆಲುವುಗಳನ್ನು ಎಣಿಸುವಾಗ ಇಂದಿಗೂ ಈ ಪಂದ್ಯದ ಹೆಸರು ಬರುತ್ತದೆ.

ಗಿರಣಿಯ ತಂಡ

1995ರಲ್ಲಿ ಚಾಪ್‌ಮನ್ ಪಂಜಾಬಿನ ಫಗ್ವಾಡಾಕ್ಕೆ ಹೋದರು. ಅಲ್ಲಿಯ ಜೆಸಿಟಿ ಒಂದು ಬಟ್ಟೆ ಗಿರಣಿಯ ತಂಡ. ಕೇರಳದ ಐ.ಎಂ. ವಿಜಯನ್, ಸಿಕ್ಕಿಂನ ಬೈಚುಂಗ್ ಭುಟಿಯಾ, ಕರ್ನಾಟಕದ ಚಾಪ್‌ಮನ್ ಈ ಮೂವರೂ ಅಲ್ಲಿ ಒಂದೇ ತಂಡದಲ್ಲಿದ್ದರು. ಭಾಷೆ ಬೇರೆ, ಊಟ ಬೇರೆ, ಹುಟ್ಟಿದ ನೆಲ ಬೇರೆ. ಆದರೆ ನಡುವಿನಿಂದ ಚಾಪ್‌ಮನ್ ಚೆಂಡು ಬಿಟ್ಟರೆ ಅದು ಎಲ್ಲಿಗೆ ಬರುತ್ತದೆಂದು ಮುಂದಿನ ಇಬ್ಬರಿಗೂ ಗೊತ್ತಿರುತ್ತಿತ್ತು. ದೇಶದ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ 1996-97ರಲ್ಲಿ ನಡೆದಾಗ ಪ್ರಶಸ್ತಿ ಗೆದ್ದದ್ದು ಜೆಸಿಟಿ. 1997ರಲ್ಲಿ ಕಠ್ಮಂಡುವಿನಲ್ಲಿ ದಕ್ಷಿಣ ಏಷ್ಯಾ ಪ್ರಶಸ್ತಿಯನ್ನು ಭಾರತ ಗೆದ್ದಾಗಲೂ ಚಾಪ್‌ಮನ್ ತಂಡದಲ್ಲಿದ್ದರು. ದೇಶದ ತಂಡವನ್ನು ಮುನ್ನಡೆಸುವ ಗೌರವವೂ ಅವರಿಗೆ ಸಿಕ್ಕಿತು.

ಬಳಿಕ ಒಂದು ವರ್ಷ ಕೇರಳದ ಎಫ್‌ಸಿ ಕೊಚ್ಚಿನ್. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. 2001ರಲ್ಲಿ ಈಸ್ಟ್ ಬೆಂಗಾಲ್ ಮೊದಲ ಸಲ ರಾಷ್ಟ್ರೀಯ ಲೀಗ್ ಗೆದ್ದಾಗ ತಂಡದ ನಾಯಕ ಚಾಪ್‌ಮನ್. ಅದೇ ವರ್ಷ ಅವರು ವೃತ್ತಿ ಆಟಕ್ಕೆ ವಿದಾಯ ಹೇಳಿದರು. ಆಗ ಅವರ ವಯಸ್ಸು ಮೂವತ್ತು.

ಮೂವತ್ತರ ಪ್ರಶ್ನೆ

ಪಾಲಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬ್ಯಾಂಕಿಗೋ ಶಾಲೆಗೋ ಸೇರಿದವರು ಮೂವತ್ತರಲ್ಲಿ ಇನ್ನೂ ಮೊದಲ ಮೆಟ್ಟಿಲಿನ ಹತ್ತಿರವೇ ಇರುತ್ತಾರೆ. ಫುಟ್‌ಬಾಲ್ ಆಟಗಾರನ ಪಾಲಿಗೆ ಅದು ಸಂಜೆಯ ಹೊತ್ತು. ಮೊಣಕಾಲು, ಹಿಮ್ಮಡಿ ಮೊದಲಿನಂತೆ ಮಾತು ಕೇಳುವುದಿಲ್ಲ. ಹಿಂದೆ ಬೆಂಗಳೂರಿನ ಎಚ್‌ಎಎಲ್, ಐಟಿಐನಂಥ ಸರ್ಕಾರಿ ಕಾರ್ಖಾನೆಗಳ ತಂಡದಲ್ಲಿ ಆಡಿದವರಿಗೆ ನೌಕರಿ ಇತ್ತು. ಆಟ ಮುಗಿದರೂ ಸಂಬಳ, ಪಿಂಚಣಿ ತಪ್ಪುತ್ತಿರಲಿಲ್ಲ. ಕ್ಲಬ್ಬುಗಳಿಗೆ ಒಪ್ಪಂದದ ಮೇಲೆ ಆಡುವವನಿಗೆ ಹಣ ಹೆಚ್ಚು ಸಿಗಬಹುದು, ಆದರೆ ಒಪ್ಪಂದ ಮುಗಿದ ದಿನ ಎಲ್ಲವೂ ಮುಗಿಯುತ್ತದೆ.

ಕ್ಲಬ್ಬುಗಳೂ ಶಾಶ್ವತವಲ್ಲ. ಚಾಪ್‌ಮನ್ ಆಡಿದ ಎಫ್‌ಸಿ ಕೊಚ್ಚಿನ್ 2002ರಲ್ಲಿ ಮುಚ್ಚಿತು. ಮೊದಲ ಲೀಗ್ ಗೆದ್ದ ಜೆಸಿಟಿ 2011ರಲ್ಲಿ ಬಾಗಿಲು ಹಾಕಿತು. ಆದ್ದರಿಂದ ಚೆನ್ನಾಗಿ ಆಡಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ಆಟದ ನಂತರ ಏನು ಎಂಬ ಪ್ರಶ್ನೆಗೆ ಆಡುವಾಗಲೇ ಉತ್ತರ ಹುಡುಕಬೇಕು.

ಸೀಟಿ ಹಿಡಿದ ಕೈ

ಚಾಪ್‌ಮನ್ ಕಂಡುಕೊಂಡ ಉತ್ತರ ಕಲಿಸುವುದು. 2002ರಲ್ಲಿ ಅವರು ಕೋಚ್ ಆಗಿ ಸೇರಿದ್ದು ತಾವು ಕಲಿತ ಟಾಟಾ ಅಕಾಡೆಮಿಯನ್ನೇ. ಆಟಗಾರ ಕೋಚ್ ಆಗುವುದು ಹೊರಗಿನಿಂದ ಕಂಡಷ್ಟು ಸುಲಭವಲ್ಲ. ತನ್ನ ಕಾಲಿಗೆ ಸಹಜವಾಗಿ ಬಂದದ್ದನ್ನು ಬಾರದವನಿಗೆ ಬಿಡಿಸಿ ಹೇಳಬೇಕು. ಹನ್ನೊಂದು ಜನರನ್ನು ಆರಿಸಿದರೆ ಹೊರಗೆ ಕುಳಿತವರ ಮುಖ ನೋಡಬೇಕು. ಗೆದ್ದರೆ ಹೆಸರು ಹುಡುಗರದು, ಸೋತರೆ ಬೈಗುಳ ಕೋಚಿನದು.

ಜೆಮ್‌ಶೆಡ್‌ಪುರದ ಬಳಿಕ ಅವರು ಮೇಘಾಲಯಕ್ಕೆ ಹೋಗಿ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ತಂಡವನ್ನು ಪಳಗಿಸಿದರು. ಅವರ ಕಾಲದಲ್ಲಿ ಆ ತಂಡ ಶಿಲ್ಲಾಂಗ್ ಲೀಗ್ ಗೆದ್ದು ಮೇಲೆ ಬಂತು. ಅವರು ಬಿಟ್ಟ ಕೆಲ ವರ್ಷಗಳಲ್ಲಿ, 2014-15ರ ಐ-ಲೀಗ್‌ನಲ್ಲಿ, ಇದೇ ಗುಡ್ಡಗಾಡಿನ ತಂಡ ದೇಶದ ದೊಡ್ಡ ಕ್ಲಬ್ಬುಗಳ ನಡುವೆ ಮೂರನೇ ಸ್ಥಾನ ಪಡೆಯಿತು. ಮುಂದೆ ಕೋಲ್ಕತ್ತಾದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ, ಕೋಝಿಕ್ಕೋಡಿನ ಕ್ವಾರ್ಟ್ಜ್ ಹೀಗೆ ಅವರ ಕೆಲಸ ಊರಿಂದ ಊರಿಗೆ ನಡೆಯಿತು. ಇವುಗಳಲ್ಲಿ ಹೆಚ್ಚಿನವು ಟಿವಿಯಲ್ಲಿ ಕಾಣುವ ತಂಡಗಳಲ್ಲ. ದೇಶದ ನಾಯಕನಾಗಿದ್ದವರು ಹೆಸರಿಲ್ಲದ ಹುಡುಗರಿಗೆ ಚೆಂಡು ನಿಲ್ಲಿಸುವುದನ್ನು ಕಲಿಸುತ್ತ ಓಡಾಡಿದರು.

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ಚಾಪ್‌ಮನ್ ತೀರಿಕೊಂಡರು. ವಯಸ್ಸು ಬರೀ ನಲವತ್ತೊಂಬತ್ತು. ಅವರೊಂದಿಗೆ ಆಡಿದವರು, ಅವರಿಂದ ಕಲಿತವರು ದೇಶದ ನಾಲ್ಕೂ ದಿಕ್ಕಿನಲ್ಲಿ ಇದ್ದರು.

ದಾರಿ ಮುಚ್ಚಿಲ್ಲ

ಚಾಪ್‌ಮನ್ ನಂತರ ಇದೇ ದಾರಿಯಲ್ಲಿ ಬಂದವರಿದ್ದಾರೆ. ಬೆಂಗಳೂರಿನವರೇ ಆದ ಷಣ್ಮುಗಂ ವೆಂಕಟೇಶ್ ಕೂಡ ಮಿಡ್‌ಫೀಲ್ಡ್ ಆಟಗಾರ. ಭಾರತ ತಂಡಕ್ಕೆ ಆಡಿ, ಮುಂದೆ ಅದೇ ತಂಡದ ಸಹಾಯಕ ಕೋಚ್ ಆದರು. 2022ರಲ್ಲಿ ಭುವನೇಶ್ವರದಲ್ಲಿ ಇಪ್ಪತ್ತು ವರ್ಷದೊಳಗಿನ ದಕ್ಷಿಣ ಏಷ್ಯಾ ಪ್ರಶಸ್ತಿ ಗೆದ್ದ ಭಾರತದ ಹುಡುಗರಿಗೆ ಅವರೇ ಕೋಚ್. 2023ರ ಮಾರ್ಚ್ 4ರಂದು ದೂರದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದಿತು. ನಮ್ಮ ಪಕ್ಕದ ಕೊಲ್ಲಾಪುರದ ಅನಿಕೇತ ಜಾಧವ 2017ರಲ್ಲಿ ಭಾರತದಲ್ಲೇ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ದೇಶದ ಅಂಗಿ ತೊಟ್ಟ.

ಆಸಕ್ತಿ ಇರುವ ವಿದ್ಯಾರ್ಥಿಗಳು ಕೆಲವು ಮಾತು ನೆನಪಿಡಬೇಕು. ಮೊದಲ ಮೆಟ್ಟಿಲು ಶಾಲೆಯ ತಂಡ. ತಾಲ್ಲೂಕು, ಜಿಲ್ಲೆ ದಾಟಿ ಹೋದರೆ 1960ರಿಂದ ನಡೆದುಬಂದ ಸುಬ್ರೊತೊ ಕಪ್‌ನಂಥ ಅಂತರಶಾಲಾ ಪಂದ್ಯಾವಳಿಗಳಿವೆ. ಅಕಾಡೆಮಿಗಳು, ಕ್ರೀಡಾ ಪ್ರಾಧಿಕಾರದ ಕೇಂದ್ರಗಳು, ರಾಜ್ಯ ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳು ಆಯ್ಕೆ ಪರೀಕ್ಷೆ ಮಾಡಿಯೇ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಹೋಗಬೇಕಾದ್ದು ಹತ್ತು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ. ಕಾಲೇಜು ಮುಗಿಸಿ ಹೋದರೆ ತಡವಾಯಿತು. ಹಣ ಕೊಟ್ಟರೆ ಮಗನನ್ನು ದೊಡ್ಡ ತಂಡಕ್ಕೆ ಸೇರಿಸುತ್ತೇವೆ ಎನ್ನುವವರ ಮಾತಿಗೆ ಪಾಲಕರು ಮರುಳಾಗಬಾರದು.

ಕೋಚ್ ಆಗಲು ಈಗ ಬರೀ ಆಡಿದ ಅನುಭವ ಸಾಲದು. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾಕ್ಕೆ ಹಿಂದಿನಿಂದಲೂ ಬೆಲೆಯಿದೆ. ಅದಲ್ಲದೆ ಫುಟ್‌ಬಾಲಿನಲ್ಲಿ ಡಿ, ಸಿ, ಬಿ, ಎ, ಕೊನೆಗೆ ಪ್ರೊ ಎಂದು ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸ್‌ಗಳಿವೆ. ಒಂದೊಂದಕ್ಕೂ ಓದು, ಬರವಣಿಗೆ, ಮೈದಾನದ ಪರೀಕ್ಷೆ ಉಂಟು. ಶರೀರ ಶಾಸ್ತ್ರ, ಆಹಾರ, ಗಾಯದ ಆರೈಕೆ ತಿಳಿದಿರಬೇಕು. ನಾಲ್ಕು ಜನರೆದುರು ಮಾತಾಡಲು ಬರಬೇಕು. ಆಟಕ್ಕಾಗಿ ಎಸ್ಸೆಸ್ಸೆಲ್ಸಿಯನ್ನೇ ಕೈಬಿಟ್ಟ ಹುಡುಗನಿಗೆ ಈ ಬಾಗಿಲು ತೆರೆಯುವುದು ಕಷ್ಟ. ಚೆಂಡೂ ಬೇಕು, ಪುಸ್ತಕವೂ ಬೇಕು.

ಇನ್ನು ‘ಹೊಟ್ಟಿ ತುಂಬತೈತೇನೋ’ ಎಂಬ ಪ್ರಶ್ನೆ. ಆಡಿದ ಎಲ್ಲರ ಹೊಟ್ಟೆಯೂ ಆಟದಿಂದ ತುಂಬುವುದಿಲ್ಲ, ಅದು ನಿಜ. ಆದರೆ ಶಾಲೆಯ ದೈಹಿಕ ಶಿಕ್ಷಕ, ಕ್ಲಬ್ಬಿನ ಕೋಚ್, ರೆಫರಿ, ಗಾಯಾಳುಗಳನ್ನು ನೋಡಿಕೊಳ್ಳುವ ಫಿಸಿಯೊ ಇವರೆಲ್ಲರ ಅನ್ನ ಮೈದಾನದಲ್ಲೇ ಇದೆ. ಹತ್ತು ವರ್ಷ ಆಡಿ, ಇನ್ನಿಪ್ಪತ್ತು ವರ್ಷ ಕಲಿಸುವ ಲೆಕ್ಕ ಹಾಕಿಕೊಂಡು ಹೊರಟವನಿಗೆ ಈ ದಾರಿ ಅಷ್ಟು ಕುರುಡಲ್ಲ. ಮಗ ಸಂಜೆ ಬೂಟು ಕೈಯಲ್ಲಿ ಹಿಡಿದು ಹೊರಟಾಗ ತಡೆಯುವ ಮೊದಲು, ಅವನ ಜೊತೆ ಒಂದು ದಿನ ಮೈದಾನದವರೆಗೆ ಹೋಗಿ ಅವನ ಆಟ ನೋಡಿ ಬನ್ನಿ. ಓದಿನ ಮಾತನ್ನು ತಿರುಗಿ ಬರುವ ದಾರಿಯಲ್ಲಿ ಆಡಿದರೆ ಅವನೂ ಕಿವಿಗೊಟ್ಟಾನು.