ಪ್ರೊಸೆಸರ್ ಕಾದರೆ ಮೊದಲು ಏನು ನೋಡಬೇಕು?

ಮಕ್ಕಳೇ, ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಕಂಬಂ ಕಣಿವೆ ಇದೆ. ಘಟ್ಟದ ಬುಡದಲ್ಲಿರುವ ದ್ರಾಕ್ಷಿ ತೋಟಗಳ ಸೀಮೆ ಅದು. ಅಲ್ಲಿ ತಲೆತಲಾಂತರದಿಂದ ನೆಲೆಸಿರುವ ಕಾಪ್ಪಿಲಿಯರ್ ಸಮುದಾಯದವರ ಮನೆಮಾತು ಕನ್ನಡ. ಅಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ಅಣ್ಣ ದುಡ್ಡು ಕೂಡಿಟ್ಟು, ಒಂದೊಂದೇ ಭಾಗ ಕೊಂಡು, ತಾನೇ ಕಂಪ್ಯೂಟರ್ ಜೋಡಿಸಿದ್ದಾನೆ. ಏಪ್ರಿಲ್ ತಿಂಗಳು. ತಂಗಿ ಶಾಲೆಯ ಪ್ರಾಜೆಕ್ಟ್ ಬರೀತಾ ಕೂತಿದ್ದಾಳೆ. ಹತ್ತು ನಿಮಿಷಕ್ಕೆ ಕಂಪ್ಯೂಟರ್ ತಾನಾಗೇ ಆಫ್! "ಅಣ್ಣಾ, ಬರೆದಿದ್ದೆಲ್ಲ ಹೋಯ್ತು!" ನೋಡಿದವರು ಹೇಳ್ತಾರೆ: "ಪ್ರೊಸೆಸರ್ ಹೋಗಿದೆ, ಹೊಸದು ಹಾಕ್ಸಿ." ಅಂದರೆ ಸಾವಿರಾರು ರೂಪಾಯಿ. ನಿಜವಾಗಿ ಹೋಗಿದೆಯಾ?

ಪ್ರೊಸೆಸರ್ ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಶಾಖವಾಗುತ್ತೆ. ಹಳೆಯ 60 ವಾಟ್ ಬಲ್ಬನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ಮನೆಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿರುವ 65 ವಾಟ್ ಪ್ರೊಸೆಸರ್‌ನಲ್ಲಿ ಅಷ್ಟೇ ಶಾಖ ಹೆಬ್ಬೆರಳ ಉಗುರಿನಷ್ಟು ಚಿಪ್‌ನಿಂದ ಹೊರಬರಬೇಕು. ಬರದಿದ್ದರೆ ಬಿಸಿ ಏರುತ್ತೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಹಲವು ಪ್ರೊಸೆಸರ್‌ಗಳು ತಾವೇ ವೇಗ ತಗ್ಗಿಸುತ್ತವೆ. ಇನ್ನೂ ಏರಿದರೆ ಆಫ್ ಮಾಡಿಸುತ್ತವೆ. ಹಾಗಾಗಿ ಆಫ್ ಆಗೋದು ಸಾಯೋದಲ್ಲ, ಜೀವ ಉಳಿಸಿಕೊಳ್ಳೋದು.

ಶಾಖಕ್ಕೆ ಒಂದು ದಾರಿ ಇದೆ: ಚಿಪ್, ಅದರ ಲೋಹದ ಮುಚ್ಚಳ, ಥರ್ಮಲ್ ಪೇಸ್ಟ್, ಹೀಟ್ ಸಿಂಕ್, ಫ್ಯಾನಿನ ಗಾಳಿ, ಕೊನೆಗೆ ಕ್ಯಾಬಿನೆಟ್ಟಿನ ಹೊರಗೆ. ದಾರಿ ಎಲ್ಲಿ ಕಟ್ಟಿದೆ ಅಂತ ಹುಡುಕೋದೇ ನಮ್ಮ ಕೆಲಸ.

ಮೊದಲು ಬಯಾಸ್ ಪರದೆ ತೆರೆದು ತಾಪಮಾನ ನೋಡಿ. ಒಂದೆರಡು ನಿಮಿಷದಲ್ಲೇ 90 ದಾಟಿದರೆ ದೋಷ ಪ್ರೊಸೆಸರ್ ಪಕ್ಕದಲ್ಲೇ ಇರೋ ಸಾಧ್ಯತೆ ಹೆಚ್ಚು: ಫ್ಯಾನ್ ನಿಂತಿದೆ ಅಥವಾ ಹೀಟ್ ಸಿಂಕ್ ಸರಿಯಾಗಿ ಕೂತಿಲ್ಲ. ಅರ್ಧ ಗಂಟೆ ಕೆಲಸ ಮಾಡಿದ ಮೇಲೆ ಮೆಲ್ಲಗೆ ಏರಿದರೆ ಧೂಳನ್ನೋ ಗಾಳಿಯ ಕೊರತೆಯನ್ನೋ ಶಂಕಿಸಿ.

ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ತಣ್ಣಗಾಗಲು ಬಿಡಿ. ದೊಡ್ಡವರು ಜೊತೆಗಿರಲಿ. ಫ್ಯಾನಿನ ವೈರು ಮದರ್‌ಬೋರ್ಡಿನಲ್ಲಿ ಸಿಪಿಯು ಫ್ಯಾನ್ ಅಂತ ಗುರುತಿರುವ ಜಾಗಕ್ಕೇ ಸಿಕ್ಕಿದೆಯಾ? ಹೀಟ್ ಸಿಂಕಿನ ನಾಲ್ಕು ಮೂಲೆಯೂ ಬಿಗಿಯಾಗಿದೆಯಾ? ಒಂದು ಮೂಲೆ ಸಡಿಲವಾದರೂ ಅದು ಓರೆಯಾಗುತ್ತೆ, ನಡುವೆ ಗಾಳಿ ಸೇರುತ್ತೆ. ಹೊಸ ಹೀಟ್ ಸಿಂಕಿನ ತಳದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯೋಕೆ ಮರೆಯುವವರೂ ಉಂಟು!

ಗಾಳಿ ಸೇರಿದರೆ ಏನಂತೆ? ಉಷ್ಣವಾಹಕತೆಯ ಅಂಕಿ ನೋಡಿ: ತಾಮ್ರದ್ದು ಸುಮಾರು 400, ಹಲವು ಪೇಸ್ಟ್‌ಗಳದು 1ರಿಂದ 10, ಗಾಳಿಯದು ಬರೀ 0.026. ಕಣ್ಣಿಗೆ ನುಣುಪಾಗಿ ಕಂಡ ಲೋಹದಲ್ಲೂ ಸಣ್ಣ ಹಳ್ಳದಿಣ್ಣೆ ಇರುತ್ತೆ. ಪೇಸ್ಟ್ ಆ ಹಳ್ಳ ತುಂಬಿ ಗಾಳಿಯನ್ನು ಓಡಿಸುತ್ತೆ. ಆದರೆ ಅದು ತಾಮ್ರಕ್ಕಿಂತ ಎಷ್ಟೋ ಕಡಿಮೆ ವಾಹಕ. ಹಾಗಾಗಿ ದಪ್ಪಗೆ ಮೆತ್ತಿದರೆ ಅದೇ ಅಡ್ಡಿ. ನಡುವೆ ತೊಗರಿ ಕಾಳಿನಷ್ಟು ಸಾಕು. ಹೀಟ್ ಸಿಂಕ್ ಎತ್ತಿದಾಗಲೆಲ್ಲ ಹಳೆಯದನ್ನು ಒರೆಸಿ ಹೊಸದು ಹಚ್ಚಬೇಕು.

ಇನ್ನು ಗಾಳಿ. ಮುಂಗಾರಿನಲ್ಲಿ ಘಟ್ಟದ ಸಂದಿಗಳಿಂದ ಕಂಬಂ ಕಣಿವೆಗೆ ಗಾಳಿ ನುಗ್ಗುತ್ತೆ; ತೇನಿ ಜಿಲ್ಲೆಯಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿರೋದು ಅದಕ್ಕೇ. ಕ್ಯಾಬಿನೆಟ್ಟಿಗೂ ಗಾಳಿ ಬರೋಕೆ ಒಂದು ಬಾಗಿಲು, ಹೋಗೋಕೆ ಇನ್ನೊಂದು ಬೇಕು. ಗೋಡೆಗೆ ಒತ್ತಿ ಇಡಬೇಡಿ, ಧೂಳನ್ನು ಬ್ರಷ್‌ನಿಂದ ತೆಗೆಯಿರಿ.

ಒಂದು ಲೆಕ್ಕ. ಡಿಸೆಂಬರಿನಲ್ಲಿ ಕೋಣೆ 24 ಡಿಗ್ರಿ, ಪ್ರೊಸೆಸರ್ 70. ವ್ಯತ್ಯಾಸ 46. ಅದೇ ಕೆಲಸ, ಅದೇ ಫ್ಯಾನ್ ವೇಗ ಇದ್ದರೆ ಈ ವ್ಯತ್ಯಾಸ ಹೆಚ್ಚು ಬದಲಾಗೋದಿಲ್ಲ. ಏಪ್ರಿಲ್‌ನಲ್ಲಿ ತೇನಿಯಲ್ಲೋ ದಿಂಡುಗಲ್ಲಿನಲ್ಲೋ ಕೋಣೆ 38 ಆದರೆ ಪ್ರೊಸೆಸರ್ ಸುಮಾರು 84. ಚಳಿಗಾಲದಲ್ಲಿ ಅಡಗಿದ್ದ ಸಣ್ಣ ತಪ್ಪು ಬೇಸಿಗೆಯಲ್ಲಿ ಬಯಲಾಗೋದು ಹೀಗೆ.

ನಮ್ಮ ಅಣ್ಣ ಹುಡುಕಿದಾಗ ಸಿಕ್ಕಿದ್ದು ಸಡಿಲವಾದ ಒಂದು ಮೂಲೆ. ಪೇಸ್ಟ್ ಬದಲಿಸಿ, ನಾಲ್ಕೂ ಮೂಲೆ ಬಿಗಿ ಮಾಡಿದ. ತಾಪಮಾನ ಇಳಿಯಿತು, ತಂಗಿ ಪ್ರಾಜೆಕ್ಟ್ ಮುಗಿಸಿದಳು. ಪ್ರೊಸೆಸರ್ ಬದಲಿಸಿ ಅದೇ ಹೀಟ್ ಸಿಂಕನ್ನು ಹಾಗೇ ಸಡಿಲವಾಗಿ ಕೂರಿಸಿದ್ದರೆ? ದುಡ್ಡೂ ಹೋಗುತ್ತಿತ್ತು, ಹೊಸದೂ ಕಾಯುತ್ತಿತ್ತು. ಅದಕ್ಕೇ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೊದಲಿನ ಮತ್ತು ಆಮೇಲಿನ ತಾಪಮಾನ ಬರೆದಿಡಿ.

ಮಾಡಿ ನೋಡಿ: ಎರಡು ಒಂದೇ ತರಹದ ಸ್ಟೀಲ್ ತಟ್ಟೆ ತಗೊಳ್ಳಿ. ಒಂದರ ಮೇಲೆ ನಾಲ್ಕು ಹನಿ ನೀರು ಹಾಕಿ, ಇನ್ನೊಂದು ಒಣಗಿರಲಿ. ಉಗುರುಬೆಚ್ಚಗಿಗಿಂತ ತುಸು ಬಿಸಿಯಾದ ನೀರು ತುಂಬಿದ ಲೋಟಗಳನ್ನು ಎರಡರ ಮೇಲೂ ಇಡಿ. ತಟ್ಟೆಯ ಅಡಿ ಮುಟ್ಟಿ ನೋಡಿ. ಯಾವುದು ಬೇಗ ಬೆಚ್ಚಗಾಯಿತು, ಯಾಕೆ? ಉತ್ತರವನ್ನು ನಿಮ್ಮ ಮೇಷ್ಟ್ರಿಗೆ ಬರೆದು ಕೊಡಿ.