ಎರಡು ವಿಪಿಸಿ, ನಡುವೆ ಒಂದು ಬಾಗಿಲು

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಹಾಸ್ಟೆಲ್ ಮೆಸ್ ಬುಕಿಂಗ್‌ಗೆ ಒಂದು ವೆಬ್ ಆ್ಯಪ್ ಮಾಡಿದ್ವಿ. ಡೇಟಾಬೇಸ್ ಕೆಲಸ ಪಕ್ಕದ ಸೆಕ್ಷನ್ ಟೀಮ್‌ದು. ಅವರ ಎಡಬ್ಲ್ಯುಎಸ್ ಅಕೌಂಟ್ ಬೇರೆ, ನಮ್ಮದು ಬೇರೆ. ಎರಡೂ ಇದ್ದದ್ದು ಮುಂಬೈ ರೀಜನ್‌ನಲ್ಲೇ. ಸೋಮವಾರ ಡೆಮೊ, ಶುಕ್ರವಾರ ರಾತ್ರಿ ಎರಡನ್ನೂ ಜೋಡಿಸೋಣ ಅಂತ ಕೂತ್ವಿ. ಪಿಯರಿಂಗ್ ರಿಕ್ವೆಸ್ಟ್ ಕಳಿಸಿದ ತಕ್ಷಣ ‘ಫೇಲ್ಡ್’ ಅಂತ ಬಂತು.

ಕಾರಣ ನೋಡಿದ್ರೆ ನಗು ಬರುತ್ತೆ. ಎರಡೂ ಟೀಮ್ ಒಂದೇ ಟ್ಯುಟೋರಿಯಲ್ ನೋಡಿ ವಿಪಿಸಿ ಮಾಡಿದ್ವಿ. ಇಬ್ಬರ ಅಡ್ರೆಸ್ ರೇಂಜೂ 10.0.0.0/16.

ವಿಪಿಸಿ ಅಂದ್ರೆ ಕ್ಲೌಡ್ ಒಳಗೆ ನಿಮಗೇ ಅಂತ ಬೇಲಿ ಹಾಕಿಕೊಟ್ಟ ಒಂದು ಖಾಸಗಿ ನೆಟ್‌ವರ್ಕ್. ಪಕ್ಕದಲ್ಲಿ ಇನ್ನೊಬ್ಬರ ವಿಪಿಸಿ ಇದ್ದರೂ ಒಂದಕ್ಕೊಂದು ಕಾಣಿಸಲ್ಲ. ಎರಡರ ನಡುವೆ ಇಂಟರ್ನೆಟ್‌ಗೆ ಹೋಗದೆ, ಪ್ರೈವೇಟ್ ಐಪಿಯಲ್ಲೇ ಮಾತಾಡೋಕೆ ಬಾಗಿಲು ಇಡೋದೇ ಪಿಯರಿಂಗ್. ಎ ಬ್ಲಾಕ್‌ನಲ್ಲೂ 101ನೇ ರೂಮ್ ಇದೆ, ಬಿ ಬ್ಲಾಕ್‌ನಲ್ಲೂ ಇದೆ ಅನ್ಕೊಳ್ಳಿ. ಎರಡು ಬ್ಲಾಕ್‌ನ ಇಂಟರ್‌ಕಾಮ್ ಸೇರಿಸಿ ‘101ಕ್ಕೆ ಹಾಕಿ’ ಅಂದ್ರೆ ಯಾವ 101? ಅದಕ್ಕೇ ಸಿಐಡಿಆರ್ ಸ್ವಲ್ಪ ಒಂದರ ಮೇಲೊಂದು ಬಿದ್ದರೂ ಪಿಯರಿಂಗ್ ಆಗಲ್ಲ.

‘ಡೇಟಾಬೇಸ್‌ಗೆ ಪಬ್ಲಿಕ್ ಐಪಿ ಕೊಟ್ಟು 5432 ಪೋರ್ಟ್ ಎಲ್ಲರಿಗೂ ತೆರೆದುಬಿಡೋಣ, ಡೆಮೊ ಮುಗಿದ್ಮೇಲೆ ಮುಚ್ಚೋಣ’ ಅನ್ನೋ ಆಸೆ ನಮಗೂ ಬಂತು. ಸುಳ್ಳು ಹೇಳಲ್ಲ. ಆದ್ರೆ ಅದರಲ್ಲಿ ಹಾಸ್ಟೆಲ್ ಹುಡುಗ ಹುಡುಗೀರ ಫೋನ್ ನಂಬರ್, ರೂಮ್ ನಂಬರ್ ಇತ್ತು. ತೆರೆದ ಪೋರ್ಟ್ ಹುಡುಕುತ್ತಾ ಬಾಟ್‌ಗಳು ಇಂಟರ್ನೆಟ್ ಪೂರ್ತಿ ದಿನವಿಡೀ ಸುತ್ತುತ್ತಾ ಇರ್ತವೆ. ಬೇಡ ಅಂತ ಬಿಟ್ವಿ.

ಹಾಗಾದ್ರೆ ಒಬ್ಬರು ನೆಟ್‌ವರ್ಕ್ ಬದಲಿಸಬೇಕು. ವಿಪಿಸಿ ಒಮ್ಮೆ ಮಾಡಿದ ಮೇಲೆ ಅದರ ಮೂಲ ಸಿಐಡಿಆರ್ ಬದಲಿಸೋಕೆ ಬರಲ್ಲ, ಕೆಡವಿ ಮತ್ತೆ ಕಟ್ಟಬೇಕು. ಅವರದ್ದು ಕೆಡವಿದ್ರೆ ಡೇಟಾಬೇಸೂ ಹೋಗುತ್ತೆ. ಆದ್ದರಿಂದ ಸರದಿ ನಮ್ಮದು.

ಇಲ್ಲೇ ಟೆರಾಫಾರ್ಮ್ ಕೈ ಹಿಡೀತು. ಕನ್ಸೋಲ್‌ನಲ್ಲಿ ಕ್ಲಿಕ್ ಮಾಡಿ ಮಾಡಿ ಕಟ್ಟೋ ಬದಲು, ಏನೇನು ಬೇಕು ಅಂತ ಫೈಲ್‌ನಲ್ಲಿ ಬರೆದಿಡೋದು. ಇದ್ದದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸ ನೋಡಿ ಅದೇ ಕಟ್ಟಿಕೊಡುತ್ತೆ. ಸಿಐಡಿಆರ್ ಒಂದು ವೇರಿಯಬಲ್ ಆಗಿತ್ತು. ಅದನ್ನ 10.1.0.0/16 ಮಾಡಿ ಪ್ಲ್ಯಾನ್ ಓಡಿಸಿದ್ರೆ ಪರದೆ ತುಂಬಾ ಮೈನಸ್-ಪ್ಲಸ್ ಗುರುತು, ಪಕ್ಕದಲ್ಲಿ ‘ಫೋರ್ಸಸ್ ರಿಪ್ಲೇಸ್‌ಮೆಂಟ್’. ಅಂದ್ರೆ ಅಳಿಸಿ ಹೊಸದಾಗಿ ಮಾಡ್ತೀನಿ ಅಂತ. ಪ್ಲ್ಯಾನ್ ಅನ್ನು ಓದದೆ ಅಪ್ಲೈ ಒತ್ತೋರು ಈ ಒಂದು ಸಾಲಿಗಾದ್ರೂ ಕಣ್ಣು ಹಾಯಿಸಿ. ಡೇಟಾಬೇಸ್ ಟೀಮ್ ಇದೇ ಬದಲಾವಣೆ ಓದದೆ ಮಾಡಿದ್ದಿದ್ರೆ ಸೋಮವಾರ ತೋರಿಸೋಕೆ ಏನೂ ಇರ್ತಿರಲಿಲ್ಲ.

ಸಬ್‌ನೆಟ್‌ಗಳನ್ನ ಸಿಐಡಿಆರ್‌ಸಬ್‌ನೆಟ್ ಅನ್ನೋ ಫಂಕ್ಷನ್‌ನಿಂದ ಲೆಕ್ಕ ಹಾಕಿಸಿದ್ವಿ. 10.1.0.0/16ಕ್ಕೆ 8 ಬಿಟ್ ಸೇರಿಸಿ 3ನೇದು ಕೊಡು ಅಂದ್ರೆ 10.1.3.0/24 ಕೊಡುತ್ತೆ. ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರ್ ನಮಗೆ ಇನ್ನೂ ಬಂದಿಲ್ಲ, ಸಬ್‌ನೆಟ್ಟಿಂಗ್ ಕಲಿತದ್ದೇ ಹೀಗೆ. ಒಂದು ಸಬ್‌ನೆಟ್‌ಗೆ ಮಾತ್ರ ಯಾರೋ (ಯಾರು ಅಂತ ಬೇಡ) ಕೈಯಲ್ಲಿ 10.0.2.0/24 ಅಂತ ಬರೆದಿದ್ರು, ಅದು ಎರರ್ ಕೊಡ್ತು. ಇನ್ನೊಂದು ಕಡೆ ಹಳೇ ಸಬ್‌ನೆಟ್ ಅಳಿಸ್ತಾ ಅಳಿಸ್ತಾ ಟೆರಾಫಾರ್ಮ್ ನಿಂತೇ ಹೋಯ್ತು. ಟೆಸ್ಟ್‌ಗೆ ಅಂತ ಕನ್ಸೋಲ್‌ನಿಂದ ಮಾಡಿದ್ದ ಒಂದು ಮಷೀನ್ ಅದರೊಳಗೆ ಕೂತಿತ್ತು. ಟೆರಾಫಾರ್ಮ್‌ಗೆ ತಾನು ಮಾಡದ ವಸ್ತುವಿನ ಲೆಕ್ಕವೇ ಇರಲ್ಲ.

ಇನ್ನು ಪಿಯರಿಂಗ್. ಎರಡೂ ವಿಪಿಸಿ ಒಂದೇ ಅಕೌಂಟ್, ಒಂದೇ ರೀಜನ್‌ನಲ್ಲಿದ್ರೆ ಒಂದೇ ರಿಸೋರ್ಸ್‌ನಲ್ಲಿ ಆಟೊ ಆಕ್ಸೆಪ್ಟ್ ಹಾಕಿದ್ರೆ ಮುಗೀತು. ನಮ್ಮದು ಬೇರೆ ಬೇರೆ ಅಕೌಂಟ್. ಒಂದೇ ಕೋಡ್‌ನಲ್ಲಿ ಎರಡು ಪ್ರೊವೈಡರ್ ಇಟ್ಟು ಮಾಡಬಹುದು, ಆದ್ರೆ ಅದಕ್ಕೆ ಅವರ ಅಕೌಂಟ್ ಕೀ ನಮಗೆ ಕೊಡಬೇಕು. ಕೇಳಿದ್ವಿ, ‘ಕೊಡಲ್ಲ ಕಣ್ರೋ’ ಅಂದ್ರು. ಅವರು ಮಾಡಿದ್ದೇ ಸರಿ. ಕೊನೆಗೆ ಅವರು ಅಕೌಂಟ್ ನಂಬರ್, ವಿಪಿಸಿ ಐಡಿ ಕೊಟ್ರು. ನಮ್ಮ ಕೋಡ್ ರಿಕ್ವೆಸ್ಟ್ ಕಳಿಸ್ತು. ಪಿಸಿಎಕ್ಸ್ ಅಂತ ಶುರುವಾಗೋ ಒಂದು ಐಡಿ ಬಂತು, ಅದನ್ನ ವಾಟ್ಸಾಪ್‌ನಲ್ಲಿ ಕಳಿಸಿದ್ವಿ. ಅವರ ಕೋಡ್‌ನಲ್ಲಿ ಆಕ್ಸೆಪ್ಟರ್ ಅನ್ನೋ ಬೇರೆ ರಿಸೋರ್ಸ್ ಅದನ್ನ ಒಪ್ಪಿಕೊಳ್ತು. ರಿಕ್ವೆಸ್ಟ್‌ಗೆ 7 ದಿನ ಆಯಸ್ಸು, ಅಷ್ಟರಲ್ಲಿ ಒಪ್ಪದಿದ್ರೆ ಸತ್ತುಹೋಗುತ್ತೆ.

ಸ್ಟೇಟಸ್ ‘ಆ್ಯಕ್ಟಿವ್’ ಅಂತ ಬಂತು. ಕಿರುಚಾಡಿದ್ವಿ. ಆ್ಯಪ್ ಮಾತ್ರ ಡೇಟಾಬೇಸ್‌ಗೆ ಕನೆಕ್ಟ್ ಆಗ್ಲಿಲ್ಲ.

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಪಿಯರಿಂಗ್ ಬರೀ ಬಾಗಿಲು. ಬಾಗಿಲು ಎಲ್ಲಿದೆ ಅಂತ ಪ್ಯಾಕೆಟ್‌ಗೆ ಹೇಳೋದು ರೌಟ್ ಟೇಬಲ್. ನಮ್ಮ ಕಡೆ ‘10.0.0.0/16ಕ್ಕೆ ಹೋಗೋದು ಈ ಪಿಯರಿಂಗ್ ಮೂಲಕ’ ಅಂತ ಒಂದು ರೌಟ್ ಬೇಕು, ಅವರ ಕಡೆ ‘10.1.0.0/16ಕ್ಕೆ ಈ ಪಿಯರಿಂಗ್’ ಅಂತ ಇನ್ನೊಂದು. ನಾವು ಹಾಕಿದ್ವಿ, ಅವರು ಹಾಕಿರಲಿಲ್ಲ. ನಮ್ಮ ಪ್ಯಾಕೆಟ್ ಅಲ್ಲಿಗೆ ಹೋಗುತ್ತೆ, ಉತ್ತರಕ್ಕೆ ವಾಪಸ್ ದಾರಿ ಗೊತ್ತಿಲ್ಲ. ಆಮೇಲೆ ಹಾಕಿದ್ರು, ಆಗಲೂ ಇಲ್ಲ! ಅವರು ಹಾಕಿದ್ದು ವಿಪಿಸಿಯ ಮೇನ್ ರೌಟ್ ಟೇಬಲ್‌ಗೆ, ಡೇಟಾಬೇಸ್ ಇದ್ದ ಪ್ರೈವೇಟ್ ಸಬ್‌ನೆಟ್‌ಗೆ ಅಂಟಿದ್ದು ಬೇರೆ ಟೇಬಲ್.

ಅದು ಸರಿಯಾದ ಮೇಲೂ ಟೈಮ್‌ಔಟ್. ಕೊನೇದು ಸೆಕ್ಯುರಿಟಿ ಗ್ರೂಪ್, ಅಂದ್ರೆ ರೂಮ್ ಬಾಗಿಲಲ್ಲಿ ನಿಂತ ಸೆಕ್ಯುರಿಟಿ ಅಂಕಲ್. 10.1.0.0/16ನಿಂದ 5432ಕ್ಕೆ ಬರೋರನ್ನ ಬಿಡು ಅಂತ ಹೇಳಬೇಕು. ಒಳಗೆ ಬಿಟ್ಟವರನ್ನ ಹೊರಗೆ ಬಿಡೋದು ಅವನಿಗೇ ನೆನಪಿರುತ್ತೆ, ವಾಪಸ್ ಹೋಗೋಕೆ ಬೇರೆ ರೂಲ್ ಬೇಡ. ಸಬ್‌ನೆಟ್ ಮಟ್ಟದ ನೆಟ್‌ವರ್ಕ್ ಎಸಿಎಲ್ ಹಾಗಲ್ಲ, ಅದಕ್ಕೆ ಹೋಗೋದಕ್ಕೂ ಬರೋದಕ್ಕೂ ಬೇರೆ ಬೇರೆ ಹೇಳಬೇಕು. ಅದನ್ನ ನಾವು ಮುಟ್ಟಿರಲಿಲ್ಲ, ಬಚಾವ್.

ಆ ರಾತ್ರಿ ಸಿಕ್ಕ ಒಂದು ಉಪಯೋಗದ ವಿಷಯ: ಕನೆಕ್ಷನ್ ‘ಟೈಮ್‌ಔಟ್’ ಆದ್ರೆ ಪ್ಯಾಕೆಟ್ ದಾರಿಯಲ್ಲೇ ಕಳೆದುಹೋಗ್ತಿದೆ, ರೌಟ್ ಅಥವಾ ಸೆಕ್ಯುರಿಟಿ ಗ್ರೂಪ್ ನೋಡಿ. ‘ರೆಫ್ಯೂಸ್ಡ್’ ಅಂತ ಬಂದ್ರೆ ಸಾಮಾನ್ಯವಾಗಿ ಪ್ಯಾಕೆಟ್ ಅಲ್ಲಿಗೆ ತಲುಪಿದೆ, ಆದ್ರೆ ಆ ಪೋರ್ಟ್‌ನಲ್ಲಿ ಕೇಳೋರಿಲ್ಲ. ಇದು ಮೊದಲೇ ಗೊತ್ತಿದ್ದಿದ್ರೆ ಪೋಸ್ಟ್‌ಗ್ರೆಸ್ ಸೆಟ್ಟಿಂಗ್ ಕೆದಕ್ತಾ ಒಂದು ಗಂಟೆ ಹಾಳು ಮಾಡ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಎಲ್ಲಾ ಓಡ್ತಿತ್ತು, ಸಂಜೆ ನಿಂತುಹೋಯ್ತು. ಕೋಡ್‌ಗೆ ಯಾರೂ ಕೈ ಹಾಕಿಲ್ಲ, ಬರೀ ಇನ್ನೊಂದು ಸಲ ಅಪ್ಲೈ ಮಾಡಿದ್ವಿ. ವಿಷಯ ಇಷ್ಟೇ: ರೌಟ್‌ಗಳನ್ನ ರೌಟ್ ಟೇಬಲ್ ರಿಸೋರ್ಸ್ ಒಳಗೇ ಬರೀಬಹುದು, ಇಲ್ಲಾ ಬೇರೆ ರೌಟ್ ರಿಸೋರ್ಸ್ ಆಗಿ ಬರೀಬಹುದು. ನಾವು ಒಂದೇ ಟೇಬಲ್‌ಗೆ ಎರಡೂ ಮಾಡಿದ್ವಿ. ಟೇಬಲ್ ರಿಸೋರ್ಸ್ ‘ನನ್ನ ಪಟ್ಟಿಯಲ್ಲಿ ಪಿಯರಿಂಗ್ ರೌಟ್ ಇಲ್ಲ’ ಅಂತ ಅಳಿಸುತ್ತೆ, ಮುಂದಿನ ಅಪ್ಲೈನಲ್ಲಿ ರೌಟ್ ರಿಸೋರ್ಸ್ ಮತ್ತೆ ಹಾಕುತ್ತೆ. ಇಬ್ಬರು ರೂಮ್‌ಮೇಟ್ಸ್ ಫ್ಯಾನ್ ಸ್ವಿಚ್‌ಗೆ ಜಗಳ ಆಡಿದ ಹಾಗೆ. ಎರಡರಲ್ಲಿ ಒಂದೇ ರೀತಿ ಆರಿಸ್ಕೊಳ್ಳಿ.

ದುಡ್ಡು ಉಳಿಸೋಣ ಅಂತ ಒಂದು ಉಪಾಯವೂ ಮಾಡಿದ್ವಿ. ನ್ಯಾಟ್ ಗೇಟ್‌ವೇಗೆ ಗಂಟೆ ಲೆಕ್ಕದಲ್ಲಿ ಚಾರ್ಜ್. ಹೇಗೂ ಪಿಯರಿಂಗ್ ಇದೆ, ಅವರ ನ್ಯಾಟ್ ಮೂಲಕವೇ ನಮ್ಮ ಮಷೀನ್ ಇಂಟರ್ನೆಟ್‌ಗೆ ಹೋಗಲಿ ಅಂತ. ಆಗಲ್ಲ. ಪಿಯರಿಂಗ್‌ನಲ್ಲಿ ಬಂದ ಪ್ಯಾಕೆಟ್ ಆ ವಿಪಿಸಿ ಒಳಗಿನ ಮಷೀನ್‌ಗಳಿಗಷ್ಟೇ, ಅಲ್ಲಿಂದ ಇನ್ನೊಂದು ಬಾಗಿಲಿಗೆ ದಾಟೋ ಹಾಗಿಲ್ಲ. ಅದಕ್ಕೇ ಎಗೂ ಬಿಗೂ ಪಿಯರಿಂಗ್, ಬಿಗೂ ಸಿಗೂ ಪಿಯರಿಂಗ್ ಇದ್ರೂ ಎಯಿಂದ ಸಿಗೆ ದಾರಿ ಇಲ್ಲ. 10 ವಿಪಿಸಿಗಳು ಎಲ್ಲಾ ಎಲ್ಲರ ಜೊತೆ ಮಾತಾಡಬೇಕು ಅಂದ್ರೆ 45 ಪಿಯರಿಂಗ್ ಬೇಕು. ದೊಡ್ಡ ಕಂಪನಿಗಳು ಟ್ರಾನ್ಸಿಟ್ ಗೇಟ್‌ವೇ ಕಡೆ ಹೋಗೋದು ಇದಕ್ಕೇ. ನಮ್ಮಂಥ ಎರಡು ವಿಪಿಸಿಗೆ ಪಿಯರಿಂಗೇ ಸಾಕು, ಕನೆಕ್ಷನ್‌ಗೆ ಅಂತ ಗಂಟೆ ಚಾರ್ಜೂ ಇಲ್ಲ, ದಾಟೋ ಡೇಟಾಗೆ ಮಾತ್ರ ಲೆಕ್ಕ.

ಸ್ಟೇಟ್ ಫೈಲ್ ಅನ್ನು ಮಾತ್ರ ಗಿಟ್‌ಹಬ್‌ಗೆ ಹಾಕ್ಬೇಡಿ. ಡೇಟಾಬೇಸ್ ಪಾಸ್‌ವರ್ಡ್ ಅದರೊಳಗೆ ಹಾಗೇ ಓದೋ ರೂಪದಲ್ಲಿ ಕೂತಿರಬಹುದು.

ಸೋಮವಾರ ಡೆಮೊ ಆಯ್ತು, ಸಂಜೆಗೇ ಡೆಸ್ಟ್ರಾಯ್ ಕೊಟ್ವಿ. ಆಗ ಇನ್ನೊಂದು ಗೊತ್ತಾಯ್ತು: ಅವರು ಆಕ್ಸೆಪ್ಟರ್ ರಿಸೋರ್ಸ್ ತೆಗೆದ್ರೆ ಟೆರಾಫಾರ್ಮ್ ಪಿಯರಿಂಗ್ ಅಳಿಸಲ್ಲ, ರಿಕ್ವೆಸ್ಟ್ ಕಳಿಸಿದ ನಮ್ಮ ಕಡೆಯಿಂದಲೇ ಅಳಿಸಬೇಕು. ಅಳಿಸಿದ್ವಿ. ಅವರ ರೌಟ್ ಟೇಬಲ್‌ನಲ್ಲಿ ನಮ್ಮ 10.1.0.0/16 ಸಾಲು ‘ಬ್ಲ್ಯಾಕ್‌ಹೋಲ್’ ಅಂತ ಇನ್ನೂ ಕೂತಿದೆ. ಇಂಟರ್ನಲ್ಸ್ ಮುಗಿದ್ಮೇಲೆ ತೆಗೀತೀವಿ ಅಂದಿದ್ದಾರೆ.